ಅಗಸಿ ಅಂದರೆ ಹೊಲ ಅಲ್ಲ

ನನ್ನ ಗಂಟಲಲ್ಲಿ ಊರಿನ ಅರ್ಧ ಜನ ಬಾಡಿಗೆ ಕೊಡದೆ ವಾಸವಾಗಿದ್ದರು. ಸವದತ್ತಿ ಬಸ್ಸಿನ ಕಂಡಕ್ಟರು, ಹಿಟ್ಟಿನ ಗಿರಣಿಯ ಮಾಲೀಕ, ಬೈಲಹೊಂಗಲದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತ ಹೇಳುತ್ತ ತಾವೇ ತೂಕಡಿಸುತ್ತಿದ್ದ ಸರ್, ಕೆಮ್ಮುವ ಮೊದಲು ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವ ನಮ್ಮ ದೊಡ್ಡಪ್ಪ, ಯಾರು ಬೇಕೆಂದರೂ ಕರೆಸಿಬಿಡುತ್ತಿದ್ದೆ. ಯಾರೂ ಸಿಗದ ದಿನ ನನ್ನದೇ ಅಣಕ: ಹುಡುಗಿಯರ ಎದುರು ಒಂದು ದನಿ, ಫೇಲಾದ ಸುದ್ದಿಯನ್ನು ಅಪ್ಪನಿಗೆ ಹೇಳುವಾಗ ಇನ್ನೊಂದು ದನಿ. "ನಿಮ್ಮವ್ವ ಬಸರಿದ್ದಾಗ ರೇಡಿಯೋ ನುಂಗಿದ್ಲೇನೋ" ಎನ್ನುತ್ತಿದ್ದಳು ದೊಡ್ಡವ್ವ.

ಮನೆಯಲ್ಲಿ ನನ್ನ ಬಾಯಿಗೆ ಸಿಗದ ವಸ್ತು ಒಂದೇ ಒಂದಿತ್ತು. ಪಡಸಾಲೆಯ ಗೋಡೆಗೆ ಅಡ್ಡಲಾಗಿ ತೂಗುಹಾಕಿದ ಬಂದೂಕು. ಅದು ಸದ್ದು ಮಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಕೇಳದ್ದನ್ನು ಅಣಕಿಸುವುದು ಹೇಗೆ?

ಅದು ಅಜ್ಜನ ಬಂದೂಕು. ಹಿಂದಿನಿಂದ ತೋಟೆ ಸೇರಿಸುವ ಈಗಿನ ಕಾಲದ್ದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಚಿಂದಿ ತುರುಕಿ, ಛರ್ರೆ ಎಂಬ ಸೀಸದ ಗುಂಡು ಹಾಕಿ, ಗಜ ಎನ್ನುವ ಉದ್ದನೆಯ ಕಡ್ಡಿಯಿಂದ ಜಡಿಯಬೇಕು. ಹಿಂದುಗಡೆ ಕುದುರೆಯ ಕತ್ತಿನ ಹಾಗೆ ಬಾಗಿದ ಪುಟ್ಟ ಸುತ್ತಿಗೆ. ಅದಕ್ಕೆ ಕುದುರೆ ಎಂದೇ ಹೆಸರು. ಅದರ ಕೆಳಗೆ ಕಡಲೆಬೇಳೆಯಷ್ಟು ದೊಡ್ಡ ತಾಮ್ರದ ಕೇಪು ಇಟ್ಟು ಕುದುರೆ ಬಿಟ್ಟರೆ ಕಿಡಿ ಒಳಗೆ ಹೋಗಿ ಮದ್ದು ಹೊತ್ತುತ್ತದೆ. ಶೇಂಗಾ ಹೊಲಕ್ಕೆ ನುಗ್ಗುವ ಕಾಡುಹಂದಿಗಳ ಸಲುವಾಗಿ ಅಜ್ಜನಿಗೆ ಸಿಕ್ಕಿದ್ದ ಲೈಸೆನ್ಸು, ತೊಂಬತ್ತರ ದಶಕದ ಆರಂಭದಲ್ಲಿ ಅಜ್ಜ ಹೋದ ಮೇಲೆ ದೊಡ್ಡಪ್ಪನ ಹೆಸರಿಗೆ ಬಂತು. ಹೆಸರಿಗೆ ಮಾತ್ರ. ದೊಡ್ಡಪ್ಪ ಅದನ್ನು ಒಮ್ಮೆಯೂ ಹಾರಿಸಿದವನಲ್ಲ. ಹಂದಿ ಬಂದರೆ ಎಣ್ಣೆಯ ಡಬ್ಬಿ ಬಡಿಯುತ್ತಿದ್ದ. ಹಂದಿಗಳೂ ಆ ಸಂಗೀತಕ್ಕೆ ಒಗ್ಗಿಕೊಂಡಿದ್ದವು.

ಬಂದೂಕು ಗೋಡೆ ಇಳಿಯುತ್ತಿದ್ದುದು ಖಂಡೇನವಮಿಗೆ. ಕುಡಗೋಲು, ಕೂರಿಗೆ, ದೊಡ್ಡಪ್ಪನ ಸ್ಕೂಟರಿನ ಪಕ್ಕದಲ್ಲಿ ಅದನ್ನೂ ಮಲಗಿಸಿ ವಿಭೂತಿ ಬಳಿದು, ಕುದುರೆಗೆ ಕೆಂಪು ದಾರ ಸುತ್ತಿ, ಮೇಲೆ ಒದ್ದೆ ಕುಂಕುಮ ಮೆತ್ತುತ್ತಿದ್ದರು. ಹಳೆಯದನ್ನು ತೆಗೆಯುವ ಪದ್ಧತಿ ಇರಲಿಲ್ಲ. ವರ್ಷದ ಮೇಲೆ ವರ್ಷ ಕುಂಕುಮ ಗಟ್ಟಿಯಾಗಿ ಕುದುರೆಗೆ ಗಿಲಾವು ಮಾಡಿದಂತಾಗಿತ್ತು. ನಾವು ಮಕ್ಕಳು ಕೊಬ್ಬರಿ ಚೂರಿಗಾಗಿ ಅದರ ಬಾಯಿಯ ಎದುರಿಗೇ ಸಾಲಾಗಿ ಕೂರುತ್ತಿದ್ದೆವು.

ಆ ಬಂದೂಕಿಗೆ ಇನ್ನೊಂದು ಕೆಲಸವೂ ಇತ್ತು. ನಮ್ಮ ಮನೆಯ ಮಗಳ ಮದುವೆಗೆ ಗಂಡಿನ ದಿಬ್ಬಣ ಊರ ಹೆಬ್ಬಾಗಿಲಾದ ಅಗಸಿಯ ಕೆಳಗೆ ಬಂದು ನಿಂತಾಗ ಅಜ್ಜ ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದನಂತೆ. ಅತ್ತೆಯರಿಬ್ಬರ ಮದುವೆಯಲ್ಲೂ ಹಾರಿಸಿದ್ದ. ದೊಡ್ಡತ್ತೆಯ ಮದುವೆಯಲ್ಲಿ ಅಗಸಿಯ ಪಾರಿವಾಳಗಳು ಎದ್ದವು ವಾರವಾದರೂ ತಿರುಗಿ ಬರಲಿಲ್ಲ ಎಂದು ಊರಿನವರು ಇವತ್ತಿಗೂ ಹೇಳುತ್ತಾರೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ದೊಡ್ಡಪ್ಪನ ಒಬ್ಬಳೇ ಮಗಳು, ನನ್ನ ಅಕ್ಕ, ಅವಳ ಮದುವೆ ರಾಮದುರ್ಗದ ಕಡೆಯ ಸಾಲಹಳ್ಳಿಯ ಹುಡುಗನೊಂದಿಗೆ ಗಟ್ಟಿಯಾಯಿತು. ನಿಶ್ಚಯದ ದಿನ ಹೊಟ್ಟೆ ತುಂಬಿದ ಹುರುಪಿನಲ್ಲಿ ದೊಡ್ಡಪ್ಪ ಬೀಗರ ಮುಂದೆ ಮಾತು ಕೊಟ್ಟುಬಿಟ್ಟ.

"ನೀವು ಅಗಸಿಗೆ ಬರ್ರಿ. ಮದಲ ನಮ್ಮ ಬಂದೂಕ ನಿಮ್ಮನ್ನ ಮಾತಾಡಸ್ತೈತಿ, ಆಮ್ಯಾಲ ನಾವು."

ಬೀಗ ಎಲೆಯಡಿಕೆ ಬಾಯಲ್ಲಿ ತುಂಬಿಕೊಂಡೇ ನಕ್ಕ. "ನೋಡ್ರಿ ಬೀಗರ, ಮಾತಂದ್ರ ಮಾತು. ಬಂದೂಕ ಹಾರಲಿಲ್ಲ ಅಂದ್ರ ನಾವು ಅಗಸಿ ಒಳಗ ಕಾಲ ಇಡಂಗಿಲ್ಲ ಮತ್ತ!"

ಬೀಗ ಅದನ್ನು ನಗೆಚಾಟಿಕೆಗೆ ಹೇಳಿದ್ದ. ದೊಡ್ಡಪ್ಪ ಮಾತ್ರ ಅದನ್ನು ಎದೆಗೆ ಕಟ್ಟಿಕೊಂಡ. ಲೈಸೆನ್ಸು ತೋರಿಸಿ ಮದ್ದು, ಕೇಪು, ಛರ್ರೆ ತಂದಿಟ್ಟ. ದಿನಾ ಸಂಜೆ ಹಿತ್ತಲಲ್ಲಿ ಕೊಡೆಯನ್ನು ಭುಜಕ್ಕೆ ಒತ್ತಿಕೊಂಡು, ಗಲ್ಲ ಊರಿ, ಒಂದು ಕಣ್ಣು ಮುಚ್ಚಿ ರೂಢಿ ಮಾಡುತ್ತಿದ್ದ. ಅವನ ಎಡಗಣ್ಣು ಒಂದೇ ಮುಚ್ಚುತ್ತಿರಲಿಲ್ಲ, ಮುಚ್ಚಿದರೆ ಎರಡೂ ಮುಚ್ಚುತ್ತಿದ್ದವು. ನಾನು ಅದನ್ನು ಓಣಿಯಲ್ಲೆಲ್ಲ ಮಾಡಿ ತೋರಿಸಿದೆ.

ಅಷ್ಟರಲ್ಲಿ ಚುನಾವಣೆ ಬಂತು. ಒಂದು ಮುಂಜಾನೆ ಸರಕಾರದ ಸುದ್ದಿ ತರುವ ವಾಲೀಕಾರ ನಮ್ಮ ಕಟ್ಟೆಯ ಮೇಲೆ ಕೂತು ತಲೆ ಕೆರೆದುಕೊಂಡ.

"ಯಜಮಾನ್ರ, ಡಿಸಿ ಸಾಹೇಬ್ರ ಆರ್ಡರ್ ಆಗೇತ್ರಿ. ಲೈಸೆನ್ಸ್ ಬಂದೂಕ ಇದ್ದವ್ರೆಲ್ಲಾ ಠಾಣೇಕ ಜಮಾ ಮಾಡ್ಬೇಕಂತ. ಇಲೆಕ್ಷನ್ ಮುಗಿದ ಮ್ಯಾಲ ಮರಳಿ ಕೊಡ್ತಾರಂತ್ರಿ."

"ನನ್ನ ಬಂದೂಕೇನ್ ಓಟಿಗೆ ನಿಂತೈತೇನೋ? ಅದು ಹಂದಿ ಹೊಡಿಯೂ ಬಂದೂಕ. ಇಲೆಕ್ಷನ್ ಮುಗಿಯೂ ತನಕಾ ಶೇಂಗಾ ತಿನಬ್ಯಾಡ್ರಿ ಅಂತ ಹಂದಿಗೋಳಿಗೂ ಆರ್ಡರ್ ಕೊಟ್ಟಾರೇನು?"

"ಈ ಬ್ಯಾಸಗ್ಯಾಗ ನಿಮ್ಮ ಹೊಲದಾಗ ಶೇಂಗಾ ಎಲ್ಲೈತ್ರಿ?"

ಮತದಾನ ಇದ್ದದ್ದು ಮದುವೆಯ ಮರುವಾರ. ಅಕ್ಕ ಟ್ರಂಕಿನಿಂದ ಲೈಸೆನ್ಸು ತೆಗೆದು ಓದಿದಳು. ಓದಿ, ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಇದು ಬೆಳಿ ಕಾಯಾಕ ಕೊಟ್ಟ ಲೈಸೆನ್ಸ್. ನಮ್ಮ ಹೊಲದಾಗ ಅಷ್ಟ ನಡೀತೈತಿ. ಅಗಸಿ ಅಂದ್ರ ಹೊಲಾ ಅಲ್ಲ. ಇಲೆಕ್ಷನ್ ಇರಲಿ, ಬಿಡಲಿ, ಅಲ್ಲಿ ಮಂದ್ಯಾಗ ಹಾರಸಾಕ ಬರಂಗಿಲ್ಲ."

"ನಿಮ್ಮಜ್ಜ ಹಾರಸಿದ್ನಲ್ಲ?"

"ಆವಾಗ ಮನ್ಯಾಗ ಓದಾಕ ಬರತಿದ್ದವ್ರು ಯಾರಿದ್ರು? ನನ್ನ ಮದಿವ್ಯಾಗ ನಿನ್ನ ಪೋಲೀಸ್ರು ಹಿಡಕೊಂಡು ಹ್ವಾದ್ರ ಅಕ್ಕಿಕಾಳ ಹಾಕಾವ್ರು ಯಾರು?"

ಆದರೆ ದೊಡ್ಡಪ್ಪನ ತಲೆಯಲ್ಲಿ ಬೇರೆ ಲೆಕ್ಕ ನಡೆದಿತ್ತು. ಈಗ ಬಂದೂಕನ್ನು ಜಮಾ ಮಾಡಿ, ಠಾಣೆಯ ಫೌಜದಾರರ ಕೈಕಾಲು ಹಿಡಿದು, ಮದುವೆಯ ಒಂದು ದಿನದ ಮಟ್ಟಿಗೆ ಮರಳಿ ಕೇಳುವುದು. "ನಿನಗ ಸಾಹೇಬ್ರ ಮಾತು ಬರ್ತಾವು, ನೀನೂ ಬಾ" ಎಂದು ನನ್ನನ್ನು ಎಬ್ಬಿಸಿದ. ನನಗೆ ಸಾಹೇಬರ ದನಿ ಬರುತ್ತಿತ್ತು, ಕೆಲಸ ಮಾಡಿಸಿಕೊಳ್ಳುವ ಮಾತು ಬರುತ್ತಿರಲಿಲ್ಲ. ಅವನಿಗೆ ಎರಡೂ ಒಂದೇ.

ದೊಡ್ಡವ್ವನ ಹಳೆಯ ಕೌದಿಯಲ್ಲಿ ಬಂದೂಕನ್ನು ಸುತ್ತಿ, ಮೇಲೆ ಹಗ್ಗ ಬಿಗಿದು, ಮುರಗೋಡದ ಬಸ್ಸು ಹತ್ತಿದೆವು. ಕಂಡಕ್ಟರು ಕೌದಿಯನ್ನು ದಿಟ್ಟಿಸಿದ.

"ಏನ್ರಿ ಅದು?"

"ಪೇಶಂಟ್ ರೀ, ಅರ್ಧಾ ಟಿಕೀಟ್ ಕೊಡ್ರಿ" ಎಂದೆ ನಾನು.

"ಏ, ಸುಮ್ನಿರೋ. ಬಂದೂಕ್ರಿ. ಠಾಣೇಕ ಜಮಾ ಮಾಡಾಕ ಒಯ್ಯಾಕತ್ತೇವಿ" ಎಂದ ದೊಡ್ಡಪ್ಪ.

"ತುಂಬಿದ ಬಂದೂಕ ಬಸ್ಸಿನ್ಯಾಗ ತರಂಗಿಲ್ರೀ ಮತ್ತ."

"ತುಂಬೂದೆಲ್ಲಿ ಬಂತ್ರಿ! ನಮ್ಮಪ್ಪ ಹ್ವಾದಾಗಿಂದ ಅದನ್ನ ಯಾರೂ ಮುಟ್ಟೇ ಇಲ್ಲ."

ಆ ಮಾತು ಕಂಡಕ್ಟರನಿಗೆ ಸಾಕಾಯಿತು. ನಮಗೂ ಸಾಕಾಗಿತ್ತು.

ದೊಡ್ಡಪ್ಪ ಬಂದೂಕಿನ ಹಿಂಬದಿಯನ್ನು ಕಾಲಿನ ನಡುವೆ ಊರಿಕೊಂಡು ಕೂತ. ನಳಿಗೆಯ ತುದಿ ನನ್ನ ಗದ್ದದ ಮಟ್ಟಕ್ಕೆ ಬಂದು ನಿಂತಿತ್ತು. ದಾರಿಯಲ್ಲಿ ಪ್ರಚಾರದ ಜೀಪೊಂದು ಧ್ವನಿವರ್ಧಕ ಕಿರುಚಿಸುತ್ತ ನಮ್ಮ ಬಸ್ಸನ್ನು ದಾಟಿ ಹೋಯಿತು. ಹಿಂದಿನ ಸೀಟಿನಲ್ಲಿದ್ದ ನಮ್ಮೂರ ಮುದುಕ ಕೂಗಿದ, "ಲೇ ರೇಡಿಯೋ, ಅವನಕಿಂತಾ ನೀ ಚಲೋ ಮಾಡ್ತಿ. ಮಾಡಿ ತೋರ್ಸು."

ಕೇಳಿಸಿಕೊಂಡ ಮೇಲೆ ಬಿಡುವವರ ಪೈಕಿ ನಾನಲ್ಲ. ಕೌದಿಯ ತುದಿ ಸರಿಸಿದೆ. ಕರ್ರಗಿನ ನಳಿಗೆ ಹೊರಬಂತು. ಅದನ್ನು ತುಟಿಗೆ ಒತ್ತಿ ಹಿಡಿದೆ. ಮೈಕಿಗೆ ಉಗುಳು ತಾಗಬೇಕು, ಅದಿಲ್ಲದಿದ್ದರೆ ಭಾಷಣ ಅನ್ನಿಸುವುದಿಲ್ಲ.

"ಬಂಧುಗಳೇ, ಭಗಿನಿಯರೇ! ನನಗೊಂದು ಅವಕಾಶ ಕೊಡಿ. ಈ ಬಸ್ಸಿನ ಹಿಂದಿನ ಸೀಟಿಗೆ ಡಾಂಬರು ಹಾಕಿಸುತ್ತೇನೆ. ಈ ಕಂಡಕ್ಟರು ಉಳಿದ ಚಿಲ್ಲರೆ ಕೊಡುವಂತೆ ಕಾಯ್ದೆ ತರುತ್ತೇನೆ!"

ಬಸ್ಸು ಬಿದ್ದು ಬಿದ್ದು ನಕ್ಕಿತು. ಕಂಡಕ್ಟರೂ ನಕ್ಕ. ನಳಿಗೆಯೊಳಗೆ ನನ್ನ ದನಿ ಗುಂಯ್ ಎಂದು ತಿರುಗಿ ಬರುತ್ತಿತ್ತು, ನಿಜವಾದ ಮೈಕಿಗಿಂತ ಚೆನ್ನಾಗಿ. ಎದುರಿನ ಸೀಟಿನಲ್ಲಿ ಒಬ್ಬಾಕೆಯ ತೊಡೆಯ ಮೇಲೆ ಸಣ್ಣ ಕೂಸು ಹಟ ಮಾಡಿ ಅಳುತ್ತಿತ್ತು. ನನ್ನ ಭಾಷಣ ಕೇಳಿ ಅಳು ನಿಲ್ಲಿಸಿತು. ಆಕೆ ಸಂತೋಷದಿಂದ, "ತಮ್ಮಾ, ಅದರ ಕಡೆ ಒಂಚೂರು ಹಿಡಿಯೋ" ಎಂದಳು. ನಾನು ನಳಿಗೆಯನ್ನು ಬಾಗಿಸಿ ಅದರ ಬಾಯಿಗೆ ಹಿಡಿದೆ.

"ಹಲೋ ಅನ್ನು."

"ಅಲೋ" ಎಂದಿತು ಕೂಸು. ತನ್ನದೇ ದನಿ ಗುಂಯ್ಗುಟ್ಟಿದ್ದಕ್ಕೆ ಕೇಕೆ ಹಾಕಿ, ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮತ್ತೆ "ಅಲೋ" ಎಂದಿತು. ರಸ್ತೆ ಕೆಟ್ಟಿತ್ತು. ತಗ್ಗಿಗೊಮ್ಮೆ ಬಸ್ಸು ಕುಪ್ಪಳಿಸುತ್ತಿತ್ತು. ಕುಪ್ಪಳಿಸಿದಾಗೆಲ್ಲ ದೊಡ್ಡಪ್ಪನ ಮೊಣಕಾಲು ಬಂದೂಕಿನ ಹಿಂಬದಿಗೆ, ಸರಿಯಾಗಿ ಕುದುರೆ ಇದ್ದ ಕಡೆ, ತಟ್ಟುತ್ತಿತ್ತು.

ಠಾಣೆಯಲ್ಲಿ ಫೌಜದಾರರು ಚಹಾ ಕುಡಿಯುತ್ತಿದ್ದರು. ಇನ್ನೂ ಹೊಸ ವಯಸ್ಸಿನವರು. ಕೌದಿ ಬಿಚ್ಚುತ್ತಲೇ ದೊಡ್ಡಪ್ಪ ಮದುವೆಯ ಕತೆ ಶುರು ಮಾಡಿದ. ಅವರು ಕೈಯೆತ್ತಿ, "ಮದಲ ಚೆಕ್ ಆಗ್ಲಿ" ಎಂದು ಪಕ್ಕದ ಹವಾಲ್ದಾರನಿಗೆ ಕಣ್ಣು ಮಾಡಿದರು.

ಹವಾಲ್ದಾರ ಗಜವನ್ನು ನಳಿಗೆಯೊಳಗೆ ಬಿಟ್ಟ. ಇಳಿಯಿತು, ನಿಂತಿತು. ನಳಿಗೆಯ ಬಾಯಿಯ ಮಟ್ಟವನ್ನು ಗಜದ ಮೇಲೆ ಹೆಬ್ಬೆರಳಿಂದ ಗುರುತು ಹಿಡಿದು ಹೊರಗೆ ತೆಗೆದು, ನಳಿಗೆಯ ಮೈಗೆ ಹೊರಗಿನಿಂದ ಹಚ್ಚಿ ನೋಡಿದ. ಗಜ ಹಿಂಬದಿಯನ್ನು ಮುಟ್ಟಲಿಲ್ಲ. ಗೇಣಿನಷ್ಟು ಮೊದಲೇ ನಿಂತಿತ್ತು. ಮತ್ತೊಮ್ಮೆ ಬಿಟ್ಟು ನೋಡಿದ. ಅಷ್ಟಕ್ಕೇ ನಿಂತಿತು.

"ಸಾಹೇಬ್ರ" ಎಂದ, ದನಿ ತಗ್ಗಿಸಿ. "ಇದು ತುಂಬೇತ್ರಿ."

ಫೌಜದಾರರ ಚಹಾದ ಕಪ್ಪು ಬಸಿಗೂ ಬಾಯಿಗೂ ನಡುವೆ ನಿಂತಿತು.

ಹವಾಲ್ದಾರ ಬಂದೂಕಿನ ಬಾಯಿಯನ್ನು ಕಿಟಕಿಯಾಚೆ ಮಾಡಿ ಮೇಜಿನ ಮೇಲೆ ಮಲಗಿಸಿದ. ಕೆಂಪು ದಾರ ಕತ್ತರಿಸಿದ. ಉಗುರಿನಿಂದ ಕುಂಕುಮ ಕೆರೆದ. ಚಕ್ಕೆ ಚಕ್ಕೆಯಾಗಿ ಬಿತ್ತು, ಒಂದು ಚಕ್ಕೆ ಒಂದು ಖಂಡೇನವಮಿ. ಕೆಳಗೆ ಹಸಿರು ಕಿಲುಬು ಹಿಡಿದ ತಾಮ್ರ ಕಂಡಿತು.

"ಕೇಪೂ ಐತಿ."

"ಯಾರೂ ಅಳ್ಳಾಡಬ್ಯಾಡ್ರಿ" ಎಂದರು ಫೌಜದಾರರು. ಯಾರೂ ಅಲ್ಲಾಡುವ ಸ್ಥಿತಿಯಲ್ಲಿರಲಿಲ್ಲ. ಹವಾಲ್ದಾರ ಹೆಬ್ಬೆರಳು ಕೊಟ್ಟು ಕುದುರೆಯನ್ನು ಮೇಲೆತ್ತಿದ. ಅದು ಕೂತಲ್ಲೇ ಅಂಟಿಕೊಂಡಿತ್ತು. ಮತ್ತೆ ಎತ್ತಿದ. 'ಟಕ್' ಎಂದಿತು. ಆ ಒಂದು ಟಕ್ಕಿಗೆ ನಮ್ಮ ದೊಡ್ಡಪ್ಪ ಕಣ್ಣು ಮುಚ್ಚಿದ, ಎರಡನ್ನೂ. ಹವಾಲ್ದಾರ ಇನ್ನೊಂದು ಕೈಯ ಉಗುರಿನಿಂದ ಕೇಪನ್ನು ಎಬ್ಬಿಸಿ ತೆಗೆದು ಮೇಜಿನ ಮೇಲಿಟ್ಟ. ಕಡಲೆಬೇಳೆಯಷ್ಟೇ ಇತ್ತು.

ನನಗೆ ನಾಲಿಗೆಯ ಮೇಲೆ ಕಬ್ಬಿಣದ ರುಚಿ ಬಂತು. ಬಸ್ಸಿನಲ್ಲೇ ಬಂದಿದ್ದಿರಬೇಕು, ಈಗ ಗೊತ್ತಾಯಿತು. ಕೂಸಿನ ಪುಟ್ಟ ಬೆರಳುಗಳು ನಳಿಗೆಯ ಸುತ್ತ ಇದ್ದುದು ಕಣ್ಣ ಮುಂದೆ ನಿಂತಿತು. ಆ ತಾಯಿ ಯಾವ ಊರಿನಲ್ಲಿ ಇಳಿದಳು? ನಾನು ನೋಡಿರಲಿಲ್ಲ. ಗೋಡೆಯ ಮೇಲೆ ಅದರ ಬಾಯಿ ಯಾವ ಕಡೆಗಿತ್ತು ಎಂದು ನೆನೆಸಿಕೊಂಡೆ: ದೊಡ್ಡವ್ವ ಕೂತು ಜೋಳ ಹಸನು ಮಾಡುವ ಮೂಲೆಯ ಕಡೆಗೆ. ಫೌಜದಾರರು ನನ್ನನ್ನು ಏನೋ ಕೇಳಿದರು. ಬಾಯಿ ತೆರೆದೆ, ಏನೂ ಬರಲಿಲ್ಲ. ಗಂಟಲಲ್ಲಿದ್ದ ಬಾಡಿಗೆದಾರರೆಲ್ಲ ಒಮ್ಮೆಗೇ ಮನೆ ಖಾಲಿ ಮಾಡಿದ್ದರು.

"ಯಾರು ತುಂಬಿದ್ದು?" ಫೌಜದಾರರು ದೊಡ್ಡಪ್ಪನನ್ನು ಕೇಳಿದರು.

ದೊಡ್ಡಪ್ಪ ಬಂದೂಕಿನ ಕಡೆ ನೋಡಿದ. "ಅವತ್ತ ಹಂದಿ ಬರಲಿಲ್ಲ" ಎಂದ. ಆಮೇಲೆ ಬಿಡಿಸಿ ಹೇಳಿದ. "ನಮ್ಮಪ್ಪ ಸಂಜಿಕ ತುಂಬಕೊಂಡು ಹೊಲಕ್ಕ ಹೋಗಿದ್ರಿ. ಹಂದಿ ಬರಲಿಲ್ಲ. ಎದ್ಯಾಗ ಹಿಡಕೊಂಡೈತಿ ಅಂತ ಲಗೂನ ಬಂದು ಬಂದೂಕ ಗ್ವಾಡಿಗೆ ತೂಗಹಾಕಿ ಮಲಕೊಂಡ. ಮುಂದ ಏಳಲಿಲ್ಲ. ಅದರಾಗ ಏನೈತಿ ಅಂತ ಯಾರಿಗೆ ನೆನಪಾಗಬೇಕ್ರಿ?"

ಸತ್ತು ಹತ್ತು-ಹನ್ನೆರಡು ವರ್ಷವಾದ ಅಜ್ಜ ಮೇಜಿನ ಮೇಲೆ ಜೀವಂತ ಮಲಗಿದ್ದ.

ಮೊದಲು ಸಾವರಿಸಿಕೊಂಡವರು ಫೌಜದಾರರು. ಆದರೆ ಅವರ ಸಂಕಟ ಬೇರೆಯೇ ಇತ್ತು. "ತುಂಬಿದ್ದನ್ನ ಠಾಣ್ಯಾಗ ಇಟ್ಕೊಳ್ಳಾಕ ಬರಂಗಿಲ್ಲ. ಊರಾಗ ಹಾರಸಾಕ ಬರಂಗಿಲ್ಲ. ನಿಮ್ಮ ಕೈಯಾಗ ಕೊಟ್ಟು ಕಳಸಾಕಂತೂ ಬರಾಂಗೇ ಇಲ್ಲ. ಏನ್ ಮಾಡ್ಲಿ ನಾನು ಇದನ್ನ?"

"ನೀರ ಹಾಕಿ ಮದ್ದ ಕೆಡಸೂಣ್ರಿ" ಎಂದ ಹವಾಲ್ದಾರ.

"ಬ್ಯಾಡ್ರಿ!" ದೊಡ್ಡಪ್ಪ ಎದ್ದು ನಿಂತ. "ಅದು ನಮ್ಮಪ್ಪನ ಕೈಯಿಂದ ತುಂಬಿದ್ದು. ಹೆಂಗೂ ತುಂಬೇತಿ. ಕೇಪ ತಗದೀರಿ, ಈಗ ಏನೂ ಆಗಂಗಿಲ್ಲ. ಮದಿವಿ ಮಟಾ ಹಿಂಗ ಇಡ್ರಿ ಸಾಹೇಬ್ರ. ಅವತ್ತ ಅಗಸ್ಯಾಗ ಒಂದ ಸಲ ಹಾರಿಸಿ ಮರಳಿ ತಂದ ಒಪ್ಪಸ್ತೇನಿ. ನಮ್ಮ ಬೀಗರಿಗೆ ಮಾತ ಕೊಟ್ಟೇನ್ರಿ."

ಫೌಜದಾರರು ಅವನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. "ಮದಿವಿ ಮಂದಿ ನಡುವ? ನಿಮ್ಮ ಮಗಳ ಮುಂದ?" ಎಂದರು. ಮತ್ತೆ ಲೈಸೆನ್ಸು ಎಳೆದುಕೊಂಡು ಓದಿ, ಕೆಳಗಿಟ್ಟರು. "ನೀರ ಹಾಕೂದು ಬ್ಯಾಡಂದ್ರ, ಕಾಯ್ದೆ ಪ್ರಕಾರ ಇದು ಹಾರಾಕ ಜಗತ್ತಿನ್ಯಾಗ ಒಂದ ಜಾಗಾ ಐತಿ ನೋಡ್ರಿ. ನಿಮ್ಮ ಹೊಲ. ನಡೀರಿ, ಈಗ ಮುಗಿಸಿ ಬರೂಣು."

ಜೀಪಿನಲ್ಲಿ ಹೋದೆವು. ಹವಾಲ್ದಾರ ನಳಿಗೆಯನ್ನು ಹೊರಕ್ಕೆ ಚಾಚಿ ಹಿಡಿದಿದ್ದ. ನಾವು ಉಳಿದವರು ಆಚೆ ಬದಿಗೆ ಒರಗಿದ್ದಕ್ಕೆ, ಜೀಪು ಒಂದು ಕಡೆ ವಾಲಿಕೊಂಡೇ ಊರು ಸೇರಿತು. ಮನೆಯ ಮುಂದೆ ನಿಂತಾಗ ದೊಡ್ಡಪ್ಪ ಒಳಗೆ ಹೋಗಿ ಮದುವೆಗೆಂದು ತಂದಿದ್ದ ಪೊಟ್ಟಣವನ್ನೇ ಜೇಬಿಗಿಳಿಸಿಕೊಂಡು ಬಂದ. ಹೊಸ ಕೇಪು ಅದರಲ್ಲೇ ಇತ್ತು. ಅಕ್ಕ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ, "ಏನಾತೋ?" ಎಂದಳು. ನಾನು ತಲೆ ಅಲ್ಲಾಡಿಸಿದೆ. ಅವಳು ಹೆದರಿದ್ದು ಅದಕ್ಕೇ. ನಾನು ಮಾತಾಡದೆ ಇದ್ದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಹೊಲದಲ್ಲಿ ಒಂದು ಮುರುಕು ಚಕ್ಕಡಿ ಬಿದ್ದಿತ್ತು. ಹವಾಲ್ದಾರ ಬಂದೂಕನ್ನು ಅದರ ಗಾಲಿಗೆ ಬಿಗಿಯಾಗಿ ಕಟ್ಟಿ, ಬಾಯಿಯನ್ನು ಒಡ್ಡಿನ ಮಣ್ಣಿಗೆ ಮಾಡಿ, ಕುದುರೆ ಬಿಡುವ ಕೀಲಿಗೆ ಉದ್ದನೆಯ ಹಗ್ಗ ಬಿಗಿದ. ದೊಡ್ಡಪ್ಪ ಮುಂದೆ ಹೋದ.

"ಕಟ್ಟೂದ್ಯಾಕ್ರಿ? ನಾನ ಹಿಡೀತೇನಿ. ಅಗಸಿ ಅಂತೂ ಇಲ್ಲ. ಇಲ್ಲೆರ ಒಂದ ಸಲ ಹೆಗಲಿಗೆ ಹಿಡದು ಹಾರಸ್ತೇನಿ. ನಿಮ್ಮ ಕಾಯ್ದೆದಾಗ ನನ್ನ ಹೊಲ ಐತೆಲ್ಲ?"

"ಐತಿ. ಆದ್ರ ಅಷ್ಟ ವರ್ಷ ಜಂಗ ತಿಂದ ಕಬ್ಬಣ ಅದು" ಎಂದರು ಫೌಜದಾರರು. "ಹಗ್ಗ ಎಳೀರಿ, ಸಾಕು."

ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನಿಂತರು. ಕೊನೆಗೆ ಅವನು ಹಗ್ಗವನ್ನು ತೆಗೆದುಕೊಂಡ. ಹವಾಲ್ದಾರ ಕೇಪು ಇಟ್ಟು, ಕುದುರೆ ಎತ್ತಿ, ಓಡಿ ಬಂದ. ನಾವೆಲ್ಲ ಬಾವಿಯ ದಂಡೆಯ ಹಿಂದೆ ಕೂತೆವು. ದೊಡ್ಡಪ್ಪ ಎಳೆದ.

ನಾನು ಸಣ್ಣವನಿದ್ದಾಗಿಂದ ಕಾದಿದ್ದ ಸದ್ದು ಅದು. ಢಂ ಅಲ್ಲ, ಧಡ್ ಅಲ್ಲ. ಮೊದಲು ಕಿವಿ ಹೋಯಿತು, ಆಮೇಲೆ ಎದೆಯ ಒಳಗೆ ಯಾರೋ ಬಾಗಿಲು ಒದ್ದರು. ಬಿಳಿ ಹೊಗೆ. ಕೆಟ್ಟ ಮೊಟ್ಟೆಯ ವಾಸನೆ. ಹೊಗೆ ಸರಿದ ಮೇಲೆ ಹತ್ತಿರ ಹೋದೆವು.

ನಳಿಗೆಯ ಹಿಂಭಾಗ ಸೀಳಿ ಬಾಳೆಹಣ್ಣಿನ ಸಿಪ್ಪೆಯಂತೆ ಹೊರಕ್ಕೆ ಸುಲಿದಿತ್ತು. ಕುದುರೆ ಜಾಗದಲ್ಲಿ ಇರಲಿಲ್ಲ. ಗಾಲಿಯ ಒಂದು ಕಡ್ಡಿ ಮುರಿದು, ಇನ್ನೊಂದರೊಳಗೆ ಕುದುರೆ ನಾಟಿಕೊಂಡು ನಿಂತಿತ್ತು. ಹೆಗಲಿಗೆ ಹಿಡಿದವನ ಗಲ್ಲ ಇರುವ ಕಡೆ.

ದೊಡ್ಡಪ್ಪ ತನ್ನ ಗಲ್ಲ ಮುಟ್ಟಿಕೊಂಡ. ಆಮೇಲೆ ಜೇಬಿನಿಂದ ಪೊಟ್ಟಣ ತೆಗೆದು ಅಂಗೈಯ ಮೇಲಿಟ್ಟುಕೊಂಡು ನಿಂತ. ಮದುವೆಯ ಮದ್ದು.

"ಖಾಲಿ ಐತಿ ಅಂತ ತಿಳಕೊಂಡಿದ್ದೆ" ಎಂದ. "ಅವತ್ತ ಅಗಸ್ಯಾಗ ಇದನ್ನೂ ಅದರ ಮ್ಯಾಲ ಸುರಿತಿದ್ನಿ."

ಫೌಜದಾರರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. ದೊಡ್ಡಪ್ಪ ಪೊಟ್ಟಣವನ್ನು ತಾನೇ ಬಾವಿಗೆ ಎಸೆದ.

ಮದುವೆಯ ದಿನ ದಿಬ್ಬಣ ಅಗಸಿಗೆ ಬಂತು. ಬ್ಯಾಂಡಿನವರು ನಿಲ್ಲಿಸಿದರು. ಬೀಗ ಸೊಂಟದ ಮೇಲೆ ಕೈಯಿಟ್ಟು, ಅಗಸಿಯ ಹೊಸ್ತಿಲ ಕಲ್ಲುಚಪ್ಪಡಿಯ ಆಚೆಯೇ ನಿಂತ.

"ಎಲ್ಲೈತ್ರಿ ಬೀಗರ ನಿಮ್ಮ ಬಂದೂಕ? ಮಾತಂದ್ರ ಮಾತು. ಅದು ಹಾರೂ ತನಕಾ ಒಳಗ ಕಾಲ ಇಡಂಗಿಲ್ಲ ನಾವು!"

ದಿಬ್ಬಣ ಹೋ ಎಂದಿತು. ನಮ್ಮೂರ ಮುದುಕರು ನನ್ನನ್ನು ಮುಂದಕ್ಕೆ ನೂಕಿದರು. "ಲೇ ರೇಡಿಯೋ, ನೀ ಕೇಳಿಯಲ್ಲ ಅದರ ಆವಾಜ. ಮಾಡೋ, ಮಾಡೋ." ನಿಜ, ಆ ಸದ್ದು ಕೇಳಿದ ಅಣಕದ ಗಂಟಲು ಊರಲ್ಲಿ ನನ್ನದೊಂದೇ. ಉಸಿರು ಎಳೆದುಕೊಂಡೆ. ಬಾಯಿ ತೆರೆದೆ. ನಾಲಿಗೆಗೆ ಕಬ್ಬಿಣ ತಾಗಿತು, ಕಿವಿಯಲ್ಲಿ "ಅಲೋ" ಎಂದಿತು. ಬಾಯಿ ತೆರೆದೇ ನಿಂತೆ. ಮಂದಿ ಅದನ್ನೂ ಅಣಕವೆಂದುಕೊಂಡು ನಕ್ಕರು.

ದೊಡ್ಡಪ್ಪ ನನ್ನ ಭುಜ ಸರಿಸಿ ಮುಂದೆ ಬಂದ. ಎಲ್ಲರೂ ನೋಡುತ್ತಿದ್ದಾರೋ ಎಂದು ಖಾತ್ರಿ ಮಾಡಿಕೊಂಡು ಒಮ್ಮೆ ಕೆಮ್ಮಿದ. ಕೈಯಲ್ಲಿದ್ದ ಕೊಡೆಯನ್ನು ಆಕಾಶಕ್ಕೆ ಎತ್ತಿ, ಗಲ್ಲದಿಂದ ದೂರ ಹಿಡಿದು, ಎರಡೂ ಕಣ್ಣು ಮುಚ್ಚಿದ.

"ಢಂ" ಎಂದ.

ಅಷ್ಟು ಕೆಟ್ಟ ಅಣಕ ನಾನು ಜನ್ಮದಲ್ಲಿ ಕೇಳಿಲ್ಲ. ಬೀಗ ಒಂದು ಗಳಿಗೆ ಅವನ ಮುಖ ನೋಡಿದ. ಏನು ಕಂಡಿತೋ, ನಗಲಿಲ್ಲ. ಎರಡೂ ಕೈ ಜೋಡಿಸಿ ಅಗಸಿಯೊಳಗೆ ಕಾಲಿಟ್ಟ. ಬ್ಯಾಂಡು ಮತ್ತೆ ಶುರುವಾಯಿತು. ಮೇಲೆ ಗೂಡಿನಲ್ಲಿ ಪಾರಿವಾಳಗಳು ಕೂತಲ್ಲೇ ಕೂತಿದ್ದವು.